ಟಾಚಣಿ ಚುಚ್ಚಿದ ನೋಟು

ಅಂಚೆ ಕಚೇರಿಯ ಮನಿಆರ್ಡರ್ ಕೌಂಟರಿನ ಹಿಂದೆ ಕುಳಿತೇ ನನ್ನ ಅರ್ಧ ಆಯುಷ್ಯ ಕಳೆಯಿತು. ನಿವೃತ್ತನಾಗಿ ವಿಜಯಪುರದ ಮನೆ ಸೇರಿದ ಮೇಲೆ ಮೊಮ್ಮಕ್ಕಳ ಬೇಸಿಗೆ ರಜೆ ನನ್ನ ಪಾಲಿಗೆ ಬಂತು. ಮಕ್ಕಳ ಕೈಯಿಂದ ಮೊಬೈಲ್ ಕಸಿದುಕೊಳ್ಳುವುದು ಸುಲಭ, ಆದರೆ ಖಾಲಿಯಾದ ಆ ಕೈಗೆ ಬೇರೆ ಏನಾದರೂ ಕೊಡಬೇಕಲ್ಲ! ಚಿಕ್ಕಂದಿನಲ್ಲಿ ಮಾಸ್ತರರೊಬ್ಬರು ಹೇಳಿದ್ದ ಪತ್ತೇದಾರಿ ಕಥೆ ನೆನಪಾಯಿತು. ಜರ್ಮನಿಯ ಎರಿಕ್ ಕೆಸ್ಟ್ನರ್ ಬರೆದ ‘ಎಮಿಲ್ ಮತ್ತು ಪತ್ತೇದಾರರು’; 1929ರ ಪುಸ್ತಕ. ಅದರ ಇಂಗ್ಲಿಷ್ ಅನುವಾದವನ್ನು ಮಗಳು ತರಿಸಿಕೊಟ್ಟಳು. ಪುಸ್ತಕ ತೊಡೆಯ ಮೇಲೆ, ಬಾಯಲ್ಲಿ ಕನ್ನಡ. ಬಿಸಿಲು ಇಳಿದ ಮೇಲೆ ಮನೆಯ ಮುಂದಿನ ಕಟ್ಟೆಯ ಮೇಲೆ ದಿನಕ್ಕೆ ಎರಡು ಅಧ್ಯಾಯ ಎಂದು ಗೊತ್ತುಮಾಡಿದೆ.

ಮೊದಲ ಸಂಜೆಯೇ ಎಡವಿದೆ. ಮಕ್ಕಳಿಗೆ ಹತ್ತಿರವಾಗಲಿ ಎಂದು ಎಮಿಲ್‌ನನ್ನು ಮಲ್ಲು ಮಾಡಿ, ಅವನನ್ನು ಬಾದಾಮಿಯಲ್ಲಿ ರೈಲು ಹತ್ತಿಸಿದೆ. ಅಜ್ಜಿಯ ಊರಾದ ಬರ್ಲಿನ್ ನಮ್ಮ ವಿಜಯಪುರವಾಯಿತು. ದುಡ್ಡು ಕಳೆದುಕೊಂಡ ಮಲ್ಲು ಸ್ಟೇಷನ್ನಿನಲ್ಲಿ ಕಂಗಾಲಾಗಿ ನಿಂತ ಎಂದದ್ದೇ ತಡ, ಎದುರುಮನೆಯ ಹುಡುಗ ಅಡ್ಡ ಬಾಯಿ ಹಾಕಿದ.

“ಕಂಗಾಲು ಯಾಕೆ ಅಜ್ಜಾ? ಹೊರಗೆ ಬಂದರೆ ಗೋಲಗುಮ್ಮಟ ಕಾಣುತ್ತದೆ. ಟಾಂಗಾದವರಿಗೆ ಅಜ್ಜಿಯ ಓಣಿ ಹೇಳಿದರೆ ಮನೆಗೆ ಮುಟ್ಟಿಸುತ್ತಾರೆ. ದುಡ್ಡು ಅಜ್ಜಿ ಕೊಡುತ್ತಾಳೆ.”

ಉಳಿದವರೆಲ್ಲ ಹೌದೆಂದರು. ಕಥೆ ಅಲ್ಲಿಗೆ ಮುಗಿಯಿತು. ಗುರುತು ಪರಿಚಯವಿಲ್ಲದ ದೊಡ್ಡ ಊರಿನಲ್ಲಿ ಒಬ್ಬನೇ ಸಿಕ್ಕಿಬಿದ್ದ ಭಯವೇ ಆ ಕಥೆಯ ಬೆನ್ನೆಲುಬು. ಅದನ್ನು ನನ್ನ ಕೈಯಾರೆ ಮುರಿದಿದ್ದೆ.

ಮರುದಿನ ತಪ್ಪೊಪ್ಪಿಕೊಂಡು ಮೊದಲಿನಿಂದ ಶುರುಮಾಡಿದೆ. ಮಲ್ಲು ಮತ್ತೆ ಎಮಿಲ್ ಆದ. ನೊಯ್‌ಸ್ಟಾಟ್ ಎಂಬ ಸಣ್ಣ ಊರು, ಮನೆಯಲ್ಲೇ ಹೆಂಗಸರ ಕೂದಲು ತೊಳೆದು ಸಿಂಗರಿಸಿ ಸಂಸಾರ ನಡೆಸುವ ತಾಯಿ, ಹಳಿಯ ಮೇಲೆ ಕುದುರೆ ಎಳೆಯುವ ಟ್ರಾಮ್. “ಹಳಿಯ ಮೇಲಿನ ಟಾಂಗಾ” ಎಂದು ಮಕ್ಕಳೇ ಹೆಸರಿಟ್ಟರು. ತಾಯಿ ಕೊಟ್ಟ 140 ಮಾರ್ಕುಗಳಲ್ಲಿ 120 ಅಜ್ಜಿಗೆ, 20 ಅವನಿಗೆ. ನೂರರ ಒಂದು ನೋಟು, ಇಪ್ಪತ್ತರ ಎರಡು. ಅವುಗಳ ಲಕೋಟೆಯನ್ನು ಎಮಿಲ್ ಕೋಟಿನ ಒಳಜೇಬಿಗೆ ಟಾಚಣಿಯಿಂದ ಚುಚ್ಚಿಡುತ್ತಾನೆ. ರೈಲಿನಲ್ಲಿ ಎದುರಿಗೆ ದುಂಡು ಟೋಪಿಯ ಮನುಷ್ಯ, ಅವನು ಕೊಟ್ಟ ಚಾಕಲೇಟು, ಆಮೇಲೆ ನಿದ್ದೆ. ಎಚ್ಚರವಾದಾಗ ದುಡ್ಡಿಲ್ಲ, ಟೋಪಿಯವನೂ ಇಲ್ಲ. ಅಲ್ಲಿ ಪುಸ್ತಕ ಮುಚ್ಚಿದೆ. ಓಣಿಯೆಲ್ಲ ಕೇಳುವಂತೆ ಕೂಗಾಡಿದರು. ಐವರಿದ್ದ ಮಕ್ಕಳು ಮಾರನೆಯ ಸಂಜೆ ಒಂಬತ್ತು ಮಂದಿಯಾದರು.

ಪೊಲೀಸರಿಗೆ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಬಂದೇ ಬಂತು. ಊರಿನಲ್ಲಿ ದೊರೆಯೊಬ್ಬನ ಪ್ರತಿಮೆಗೆ ಎಮಿಲ್ ಮೀಸೆ ಬರೆದು, ಮೂಗಿಗೆ ಕೆಂಪು ಬಳಿದಿದ್ದ. ಪೊಲೀಸರನ್ನು ಕಂಡರೆ ಅವನ ಎದೆ ಹೊಡೆದುಕೊಳ್ಳುತ್ತಿತ್ತು. ಹಳೆಯ ಗೋಡೆಗಳ ಮೇಲೆ ಗೀಚಿದ ಹೆಸರುಗಳನ್ನು ನೋಡುತ್ತಲೇ ಬೆಳೆದ ನಮ್ಮ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಒಬ್ಬ ಮಾತ್ರ ಯಾಕೋ ತಲೆ ತಗ್ಗಿಸಿದ. ನಾನು ಕೇಳಲು ಹೋಗಲಿಲ್ಲ.

ಎಮಿಲ್‌ನ ನೆರವಿಗೆ ಬರುವ ಬರ್ಲಿನ್ನಿನ ಹುಡುಗರಲ್ಲಿ ಹಾರ್ನ್ ಊದುವ ಗುಸ್ತಾವ್ ಎಲ್ಲರಿಗೂ ಅಚ್ಚುಮೆಚ್ಚು ಎಂದುಕೊಂಡಿದ್ದೆ. ಆದರೆ ಅವರು ಹಿಡಿದುಕೊಂಡದ್ದು ಪುಟ್ಟ ಡೀನ್‌ಸ್ಟಾಗ್‌ನನ್ನು. ಜರ್ಮನ್ನಿನಲ್ಲಿ ಆ ಹೆಸರಿಗೆ ಮಂಗಳವಾರ ಎಂದರ್ಥ, ಹಾಗಾಗಿ ನಮ್ಮಲ್ಲಿ ಅವನು ಮಂಗಳಪ್ಪನಾದ. ಹುಡುಗರೆಲ್ಲ ಕಳ್ಳನ ಬೆನ್ನು ಹತ್ತಿ ಮಜಾ ಮಾಡುತ್ತಿದ್ದರೆ, ಸುದ್ದಿ ಬಂದರೆ ತಿಳಿಸಲೆಂದು ಮನೆಯ ಟೆಲಿಫೋನಿನ ಪಕ್ಕ ಕುಳಿತೇ ಇರುವವನು ಅವನು. ತಮ್ಮನನ್ನು ಕಂಕುಳಲ್ಲಿ ಇಟ್ಟುಕೊಂಡೇ ಕಥೆ ಕೇಳಲು ಬರುತ್ತಿದ್ದ ಹುಡುಗಿ ದಿನವೂ ಕೇಳುತ್ತಿದ್ದಳು: “ಮಂಗಳಪ್ಪನನ್ನು ಇವತ್ತಾದರೂ ಹೊರಗೆ ಬಿಟ್ಟರಾ ಅಜ್ಜಾ?” ಎಮಿಲ್‌ನ ತಾಯಿಯ ಸೋದರಿಯ ಮಗಳಾದ ಹುಡುಗಿ ಸೈಕಲ್ಲಿನ ಮೇಲೆ ಕಾಫಿ, ರೊಟ್ಟಿ ತಂದುಕೊಡುವಲ್ಲಿಯೂ ಜಗಳ ಎದ್ದಿತು. ಸೈಕಲ್ ಇರುವುದು ಅವಳ ಬಳಿ, ಕಳ್ಳನ ಹಿಂದೆ ಅವಳನ್ನು ಕಳಿಸದೆ ನಾಷ್ಟಾ ತರಿಸುವುದೇನು ಎಂದು. ಸರಿಯಾದ ಜಗಳವೇ. ಆ ಭಾಗವನ್ನು ತಿದ್ದಿ ಹೇಳುವ ಆಸೆಯಾಗಿತ್ತು. ಮಲ್ಲುವಿನ ಪಾಡು ನೆನಪಾಗಿ ಬಿಟ್ಟುಬಿಟ್ಟೆ.

ಬ್ಯಾಂಕಿನ ಅಧ್ಯಾಯದ ದಿನ ಹತ್ತು ರೂಪಾಯಿಯ ಮೂರು ನೋಟುಗಳನ್ನು ಲಕೋಟೆಗೆ ಹಾಕಿ, ಮೊಮ್ಮಗನ ಅಂಗಿಯ ಒಳಮಗ್ಗುಲಿಗೆ ಟಾಚಣಿ ಚುಚ್ಚಿದೆ. ಹೊರತೆಗೆದು ಬೇರೆ ನೋಟುಗಳ ಜೊತೆ ಕಲಸಿ, ಯಾವುವು ಇವನವು ಹೇಳಿ ಎಂದೆ. ಸಂಖ್ಯೆ ಬರೆದುಕೊಂಡಿರಲಿಲ್ಲ. ಮಡಿಕೆ, ಕೊಳೆ, ಎಣ್ಣೆಯ ಕಲೆ ಎಲ್ಲ ನೋಡಿದರು. ಕೊನೆಗೆ ಎಲ್ಲರಿಗಿಂತ ಚಿಕ್ಕವಳು ಒಂದು ನೋಟನ್ನು ಬಾಗಿಲ ದೀಪಕ್ಕೆ ಹಿಡಿದಳು. ಗಾಂಧೀಜಿಯ ಕಿವಿಯ ಹತ್ತಿರ ಸಾಸಿವೆಗಿಂತ ಸಣ್ಣದೊಂದು ಬೆಳಕಿನ ಚುಕ್ಕೆ. ಉಳಿದೆರಡು ನೋಟುಗಳಲ್ಲೂ ಅದೇ ಜಾಗದಲ್ಲಿ! ನೋಟುಗಳಲ್ಲಿ ಟಾಚಣಿಯ ತೂತಿದೆ ಎಂದು ಎಮಿಲ್ ಬ್ಯಾಂಕಿನಲ್ಲಿ ಹೇಳುವ ಮಾತನ್ನು ನಾನು ಓದುವುದಕ್ಕೆ ಮೊದಲೇ ಅವಳೇ ಹೇಳಿಬಿಟ್ಟಳು.

“ಫೋನ್‌ಪೇಗೆ ಎಲ್ಲಿ ಚುಚ್ಚುವುದು?” ಎಂದು ಒಬ್ಬ ಕೇಳಿದ. ನೋಟನ್ನು ಸೆರಗಿನ ತುದಿಗೆ ಗಂಟು ಹಾಕಿಡುವ ನನ್ನ ಹೆಂಡತಿ ಬಾಗಿಲಲ್ಲೇ ನಿಂತು ನಕ್ಕಳು.

ಕಳ್ಳ ಬ್ಯಾಂಕು ದೋಚಿದವನೆಂದು ಗೊತ್ತಾಗುತ್ತದೆ, ಎಮಿಲ್‌ಗೆ 1000 ಮಾರ್ಕು ಬಹುಮಾನ. ಕಡೆಯ ಅಧ್ಯಾಯದಲ್ಲಿ ಅಜ್ಜಿ ಎಲ್ಲರಿಗಿಂತ ಹೆಚ್ಚು ಹೊಗಳುವುದು ಫೋನಿನ ಪಕ್ಕ ಕುಳಿತಿದ್ದವನನ್ನೇ. ತಮ್ಮನನ್ನು ಎತ್ತಿಕೊಂಡವಳು ಮಾತಾಡಲಿಲ್ಲ, ಕೂಸನ್ನು ಈ ಕಂಕುಳಿನಿಂದ ಆ ಕಂಕುಳಿಗೆ ಬದಲಿಸಿಕೊಂಡಳು. ಈ ಕಥೆಯಿಂದ ಕಲಿಯುವುದೇನು ಎಂಬ ಚರ್ಚೆಯಾದಾಗ, ದುಡ್ಡನ್ನು ಯಾವಾಗಲೂ ಮನಿಆರ್ಡರ್ ಮಾಡಿಯೇ ಕಳಿಸಬೇಕು ಎನ್ನುತ್ತಾಳೆ ಅಜ್ಜಿ.

ಒಂಬತ್ತೂ ಜನ ನನ್ನ ಮುಖವನ್ನೇ ನೋಡಿದರು.

“ಇದು ನೀವೇ ಸೇರಿಸಿದ್ದು,” ಎಂದ ಎದುರುಮನೆಯ ಹುಡುಗ. “ಅಂಚೆ ಕಚೇರಿಯಲ್ಲಿ ಇದ್ದವರಲ್ಲವೇ?”

ಇಲ್ಲವೆಂದು ಆಣೆ ಮಾಡಿದರೂ ನಂಬಲಿಲ್ಲ. ಮಲ್ಲುವಿನ ಹಳೆಯ ಗುನ್ನೆ ಬೇರೆ ನನ್ನ ಮೇಲಿತ್ತು. ಪುಸ್ತಕ ಕಸಿದುಕೊಂಡು ಒಂಬತ್ತನೆಯ ತರಗತಿಯವನ ಕೈಗೆ ಕೊಟ್ಟರು. ಅವನು ಆ ಸಾಲಿನ ಕೆಳಗೆ ಬೆರಳಿಟ್ಟು, ತಡವರಿಸುತ್ತಾ ಎರಡು ಸಲ ಓದಿದ. ಆಮೇಲೆ ಆ ಹಾಳೆಯನ್ನೂ ದೀಪಕ್ಕೆ ಹಿಡಿದು ನೋಡಿದ.