ಸುಟ್ಟ ಗಾಯಕ್ಕೆ ಮೊದಲು ನಲ್ಲಿ ನೀರು: ಯಾಕೆ, ಹೇಗೆ, ಎಷ್ಟು ಹೊತ್ತು?

ಕುಕ್ಕರಿನ ಹಬೆ ತಾಗುವುದು, ಒಗ್ಗರಣೆ ಎಣ್ಣೆ ಸಿಡಿಯುವುದು, ಬಿಸಿ ಸಾರು ಚೆಲ್ಲುವುದು ಅಡುಗೆಮನೆಯಲ್ಲಿ ಇದ್ದದ್ದೇ. ಆಗ ಒಬ್ಬರು ಟೂತ್‌ಪೇಸ್ಟ್ ತರುತ್ತಾರೆ, ಇನ್ನೊಬ್ಬರು ಅರಿಶಿನ, ಮತ್ತೊಬ್ಬರು ಇಂಕು. ದಯವಿಟ್ಟು ಇವು ಯಾವುದನ್ನೂ ಹಚ್ಚಬೇಡಿ. ಚರ್ಮ ಹೇಗಿದೆ ಅಂತ ಸ್ವಲ್ಪ ತಿಳಿದುಕೊಂಡರೆ ಕಾರಣ ಗೊತ್ತಾಗುತ್ತದೆ.

ಚರ್ಮಕ್ಕೆ ಮೂರು ಪದರ. ಮೇಲಿನದು ಹೊರಚರ್ಮ. ಕಣ್ಣಿನ ರೆಪ್ಪೆಯ ಮೇಲೆ ಇದು ತೀರಾ ತೆಳು, ಅಂಗಾಲಿನಲ್ಲಿ ಒಂದು ಮಿಲಿಮೀಟರಿಗಿಂತ ದಪ್ಪ. ಇದರೊಳಗೆ ರಕ್ತನಾಳವೇ ಇಲ್ಲ. ತಳದಲ್ಲಿ ಹುಟ್ಟಿದ ಕೋಶಗಳು ಮೇಲೇರುತ್ತಾ ಸಾಯುತ್ತವೆ, ಸುಮಾರು ಒಂದು ತಿಂಗಳಲ್ಲಿ ಉದುರುತ್ತವೆ. ಮೇಲ್ಗಡೆಯ ಈ ಸತ್ತ ಕೋಶಗಳೇ ರೋಗಾಣುಗಳನ್ನು ಹೊರಗೆ, ಮೈಯ ನೀರನ್ನು ಒಳಗೆ ಇಡುವುದು. ಜಾಸ್ತಿ ಸುಟ್ಟವರಿಗೆ ಡ್ರಿಪ್ ಹಾಕುವುದಕ್ಕೆ, ಸೋಂಕಿನ ಭಯ ಇರುವುದಕ್ಕೆ ಈ ತಡೆ ಹೋಗಿರುವುದೂ ಒಂದು ಕಾರಣ.

ಅದರ ಕೆಳಗೆ ಒಳಚರ್ಮ. ರಕ್ತನಾಳ, ನರದ ತುದಿ, ಬೆವರಿನ ಗ್ರಂಥಿ, ಕೂದಲಿನ ಬುಡ, ಚರ್ಮಕ್ಕೆ ಗಟ್ಟಿತನ ಕೊಡುವ ಕೊಲಾಜನ್ ನಾರು, ಎಲ್ಲ ಇರುವುದು ಇಲ್ಲಿ. ಇದಕ್ಕೂ ಕೆಳಗೆ ಕೊಬ್ಬಿನ ಪದರ.

ಹಂತ 1: ಬಿಸಿಯಿಂದ ದೂರ ಸರಿಸಿ. ಬಟ್ಟೆಗೆ ಬೆಂಕಿ ಹತ್ತಿದ್ದರೆ ಓಡಬಾರದು, ನೆಲದ ಮೇಲೆ ಉರುಳಬೇಕು. ಕರೆಂಟ್ ತಗುಲಿದ್ದರೆ ಮೊದಲು ಮೇನ್ ಸ್ವಿಚ್ ಆಫ್ ಮಾಡಿ, ಆಮೇಲೆ ಮುಟ್ಟಿ.

ಹಂತ 2: ನಲ್ಲಿ ನೀರಿನ ಕೆಳಗೆ 20 ನಿಮಿಷ. ಎಲ್ಲಕ್ಕಿಂತ ಮುಖ್ಯ ಇದೇ. ಬಿಸಿ ವಸ್ತುವನ್ನು ತೆಗೆದರೂ ಅದರ ಬಿಸಿ ಚರ್ಮದೊಳಗೆ ಉಳಿದು, ಕೆಳಕ್ಕೆ ಇಳಿಯುತ್ತಲೇ ಇರುತ್ತದೆ. ಹರಿಯುವ ನೀರು ಆ ಬಿಸಿಯನ್ನು ಹೊರಗೆಳೆಯುತ್ತದೆ. ಎರಡು ನಿಮಿಷ ಹಿಡಿದು ಕೈ ತೆಗೆದರೆ ಸಾಲದು. ತಕ್ಷಣ ಆಗದಿದ್ದರೂ ಮೂರು ಗಂಟೆಯೊಳಗೆ ಮಾಡಿದರೆ ಪ್ರಯೋಜನ ಇದೆ. ಐಸ್ ಮಾತ್ರ ಬೇಡ, ಅದರಿಂದ ರಕ್ತನಾಳ ಕುಗ್ಗಿ ಗಾಯಕ್ಕೆ ರಕ್ತ ಸಿಗುವುದಿಲ್ಲ. ಊತ ಬರುವ ಮೊದಲೇ ಉಂಗುರ, ಬಳೆ, ವಾಚ್ ತೆಗೆಯಿರಿ. ಅಂಟಿಕೊಂಡ ಬಟ್ಟೆಯನ್ನು ಎಳೆಯಬೇಡಿ. ಮಗುವಾದರೆ ಮೈ ತಣ್ಣಗಾಗದಂತೆ ಉಳಿದ ಭಾಗಕ್ಕೆ ಬೆಚ್ಚಗೆ ಹೊದಿಸಿ.

ಹಂತ 3: ಎಷ್ಟು ಆಳ ಸುಟ್ಟಿದೆ ನೋಡಿ. ಕೆಂಪಾಗಿ ಉರಿಯುತ್ತಿದೆ, ಬೊಬ್ಬೆ ಇಲ್ಲ ಎಂದರೆ ಹೊರಚರ್ಮ ಮಾತ್ರ ಸುಟ್ಟಿದೆ. ಸಾಮಾನ್ಯವಾಗಿ ಒಂದು ವಾರದಲ್ಲಿ ವಾಸಿಯಾಗುತ್ತದೆ. ನೀರು ತುಂಬಿದ ಬೊಬ್ಬೆ ಎದ್ದು ವಿಪರೀತ ನೋವಿದ್ದರೆ ಒಳಚರ್ಮಕ್ಕೂ ತಾಗಿದೆ. ಚರ್ಮ ಬೆಳ್ಳಗೋ ಕಪ್ಪಗೋ ಆಗಿ, ಮುಟ್ಟಿದರೂ ನೋಯದಿದ್ದರೆ ಸಮಾಧಾನಪಡಬೇಡಿ. ಅಲ್ಲಿ ನರದ ತುದಿಗಳೇ ಸುಟ್ಟಿರುತ್ತವೆ. ನೋವಿಲ್ಲದ ಸುಟ್ಟ ಗಾಯವೇ ಹೆಚ್ಚು ಅಪಾಯ.

ಇಲ್ಲಿ ನನಗೆ ಯಾವಾಗಲೂ ಬೆರಗು ಹುಟ್ಟಿಸುವ ಸಂಗತಿ ಒಂದಿದೆ. ಕೂದಲಿನ ಬುಡ ಮತ್ತು ಬೆವರಿನ ಗ್ರಂಥಿಗಳ ಒಳಗೋಡೆಯಲ್ಲೂ ಹೊರಚರ್ಮದ ಕೋಶಗಳಿರುತ್ತವೆ. ಮೇಲ್ಪದರ ಪೂರ್ತಿ ಸುಟ್ಟರೂ ಇವು ಉಳಿದಿದ್ದರೆ, ಅಲ್ಲಿಂದಲೇ ಕೋಶಗಳು ಹರಡಿ ಹೊಸ ಚರ್ಮ ಬೆಳೆಯುತ್ತದೆ. ಇವೂ ಸುಟ್ಟರೆ ಗಾಯ ಅಂಚಿನಿಂದ ಮಾತ್ರ ಮುಚ್ಚಬೇಕು. ಗಾಯ ದೊಡ್ಡದಿದ್ದರೆ ಬೇರೆ ಕಡೆಯ ಚರ್ಮ ತೆಗೆದು ಕಸಿ ಮಾಡುವುದು ಆಗಲೇ. ಆ 20 ನಿಮಿಷದ ನೀರು ಉಳಿಸಲು ನೋಡುವುದು ಈ ಕೋಶಗಳನ್ನೇ.

ಹಂತ 4: ಮುಚ್ಚಿ. ಬೊಬ್ಬೆ ಒಡೆಯಬೇಡಿ, ಕೆಳಗಿನ ಹಸಿ ಪದರವನ್ನು ಅದು ಕಾಪಾಡುತ್ತಿರುತ್ತದೆ. ಶುಭ್ರವಾದ ಹತ್ತಿ ಬಟ್ಟೆಯನ್ನು ಸಡಿಲವಾಗಿ ಹೊದಿಸಿದರೆ ಸಾಕು. ಹತ್ತಿಯ ಎಳೆ ಅಂಟುತ್ತದೆ, ಬಿಡಿ ಹತ್ತಿ ಇಡಬೇಡಿ. ಟೂತ್‌ಪೇಸ್ಟ್, ಇಂಕು ಹಚ್ಚಿದರೆ ಗಾಯದ ಆಳ ನೋಡಲು ಡಾಕ್ಟರು ಅದನ್ನೆಲ್ಲ ಒರೆಸಬೇಕಾಗುತ್ತದೆ. ಆ ನೋವು ಯಾರಿಗೆ, ಅಲ್ವಾ?

ಹಂತ 5: ಆಸ್ಪತ್ರೆಗೆ ಯಾವಾಗ? ಗಾಯಗೊಂಡವರ ಅಂಗೈ, ಬೆರಳು ಸೇರಿಸಿ, ಅವರ ಮೈಚರ್ಮದ ಸುಮಾರು ಶೇ. 1ರಷ್ಟು. ಬೊಬ್ಬೆ ಎದ್ದ ಜಾಗ ಅದಕ್ಕಿಂತ ದೊಡ್ಡದಿದ್ದರೆ ಹೋಗಲೇಬೇಕು. ಮುಖ, ಕೈ, ಪಾದ, ಕೀಲು, ಗುಪ್ತಾಂಗ ಸುಟ್ಟರೆ ಅಳತೆ ನೋಡಬೇಡಿ. ಕರೆಂಟ್ ಅಥವಾ ಆಸಿಡ್ ಗಾಯಕ್ಕೂ, ಪುಟ್ಟ ಮಕ್ಕಳು, ವಯಸ್ಸಾದವರಿಗೂ ಇದೇ ಮಾತು. ದೊಡ್ಡ ಗಾಯವಾದರೆ 108ಕ್ಕೆ ಫೋನ್ ಮಾಡಿ. ಟಿಟಿ ಇಂಜೆಕ್ಷನ್ ಬೇಕೇ ಎಂದು ಕೇಳಲು ಮರೆಯಬೇಡಿ.

ತುಂಬಾ ಸುಟ್ಟವರಿಗೆ ಕಸಿ ಮಾಡಲು ತಮ್ಮದೇ ಚರ್ಮ ಸಾಲುವುದಿಲ್ಲ. ಅಂಥವರ ಗಾಯವನ್ನು ಸ್ವಲ್ಪ ಕಾಲ ಮುಚ್ಚಲು ದಾನದ ಚರ್ಮ ಬೇಕು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಚರ್ಮ ಬ್ಯಾಂಕ್ ಇದೆ. ಸತ್ತ ಆರು ಗಂಟೆಯೊಳಗೆ ತೊಡೆ, ಬೆನ್ನಿನಿಂದ ತೆಳುವಾದ ಪದರ ಮಾತ್ರ ತೆಗೆಯುತ್ತಾರೆ. ರಕ್ತದ ಗುಂಪು ಹೊಂದಬೇಕೆಂದೂ ಇಲ್ಲ.