ಅಕ್ಟೋಬರ್ 31ರ ಸಂಜೆ ಜಗಲಿಯ ದೀಪ ಉರಿಯಲಿ

ಅಮೆರಿಕಕ್ಕೆ ಬಂದ ಮೊದಲ ವರ್ಷ ಹ್ಯಾಲೋವೀನ್ ಸಂಜೆ ನಮ್ಮ ಜಗಲಿಯ ದೀಪ ಹಚ್ಚಿರಲಿಲ್ಲ. ವೇಷ ತೊಟ್ಟು ಮನೆಮನೆಗೆ ಮಿಠಾಯಿ ಕೇಳುತ್ತ ಬಂದ ಮಕ್ಕಳು ಎಡಮನೆಗೆ ಹೋದರು, ಬಲಮನೆಗೆ ಹೋದರು, ನಮ್ಮ ಬಾಗಿಲನ್ನು ಮಾತ್ರ ದಾಟಿ ನಡೆದರು. ದೀಪ ಉರಿದರೆ ‘ಬನ್ನಿ’, ಆರಿದ್ದರೆ ‘ತಟ್ಟಬೇಡಿ’ ಎಂದು ಅರ್ಥವೆನ್ನುವುದು ನಮಗೆ ಗೊತ್ತಿರಲಿಲ್ಲ. ನ್ಯೂಜೆರ್ಸಿಗೆ ಹೊಸದಾಗಿ ಬರುವ ಕನ್ನಡಿಗರಿಗೆ ನಾನು ಮೊದಲು ಹೇಳುವುದು ಇದನ್ನೇ. ವರ್ಷವಿಡೀ ದೂರದಿಂದ ಕೈಬೀಸುವ ನೆರೆಯವರು ಅಂದು ಹೊಸ್ತಿಲವರೆಗೆ ಬರುತ್ತಾರೆ.

ದೆವ್ವದ ಹಬ್ಬ ನಿಮಗೇಕೆ ಎಂದು ಊರಿನಿಂದ ಅಜ್ಜಿ ಕೇಳಬಹುದು. ನವೆಂಬರ್ 1 ಕ್ರೈಸ್ತರಿಗೆ ಸಕಲ ಸಂತರ ಹಬ್ಬ, ಅದರ ಹಿಂದಿನ ರಾತ್ರಿ ಇದು. ಐರ್ಲೆಂಡಿನವರು ಟರ್ನಿಪ್ ಗೆಡ್ಡೆ ಕೊರೆದು ದೀಪವಿಡುತ್ತಿದ್ದರು. ಇಲ್ಲಿಗೆ ವಲಸೆ ಬಂದವರ ಕೈಗೆ ಕುಂಬಳಕಾಯಿ ಸಿಕ್ಕಿತು. ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದ ನಾಡಿನವರಿಗೆ ಇದು ತೀರ ಪರಕೀಯವಲ್ಲ ಎಂದು ಅಜ್ಜಿಗೆ ಹೇಳಿ.

ವೇಷಕ್ಕೆ ಅಂಗಡಿಗೇ ಓಡಬೇಕಿಲ್ಲ. ನಮ್ಮ ಶಾಲೆಗಳ ಛದ್ಮವೇಷ ಸ್ಪರ್ಧೆಯನ್ನು ನೆನಪಿಸಿಕೊಳ್ಳಿ. ನನ್ನ ಮಗಳು ಎರಡನೆಯ ತರಗತಿಯಲ್ಲಿದ್ದಾಗ ಒನಕೆ ಓಬವ್ವನಾದಳು: ಕಚ್ಚೆ ಹಾಕಿದ ಹತ್ತಿ ಸೀರೆ, ರಟ್ಟಿನ ಕೊಳವೆಯ ಒನಕೆ. ಶಾಲೆಯ ಮೆರವಣಿಗೆಗೆ ಒನಕೆ ತರಬಾರದು ಎಂದರು. ಆಟದ ಕತ್ತಿ, ಬಂದೂಕು, ಮುಖವಾಡಗಳನ್ನು ಹಲವು ಶಾಲೆಗಳು ಬಿಡುವುದಿಲ್ಲ, ಮೊದಲೇ ಪತ್ರ ಓದಿಕೊಳ್ಳಿ. ಸಂಜೆ ಒನಕೆ ಹಿಡಿದೇ ಹೊರಟಳು. ನೀನು ಯಾರು ಎಂದು ಕೇಳಿದ ಪ್ರತಿ ಮನೆಯಲ್ಲೂ ಚಿತ್ರದುರ್ಗದ ಕಿಂಡಿ, ಹೈದರಾಲಿಯ ಸೈನಿಕರು, ನೀರಿಗೆ ಹೋದ ಓಬವ್ವ, ಎಲ್ಲವನ್ನೂ ವಿವರಿಸಿದಳು. ಒಬ್ಬ ವೃದ್ಧೆ ಕುರ್ಚಿ ಎಳೆದುಕೊಂಡು ಕುಳಿತು ಕೇಳಿದರು.

ಸೂರ್ಯ ಮುಳುಗುತ್ತಲೇ ಚಳಿ ಏರುತ್ತದೆ, ವೇಷದೊಳಗೆ ಸ್ವೆಟರ್ ಹಿಡಿಸುವಂತಿರಲಿ. ಕೈಯಲ್ಲಿ ಟಾರ್ಚ್ ಇರಲಿ. ಚಿಕ್ಕ ಮಕ್ಕಳ ಜೊತೆ ದೊಡ್ಡವರು ಬೀದಿಯಲ್ಲಿ ನಿಂತಿರಬೇಕು. ಬಾಗಿಲು ತೆರೆದಾಗ ‘ಟ್ರಿಕ್ ಆರ್ ಟ್ರೀಟ್’ (ಮಿಠಾಯಿ ಕೊಡಿ, ಇಲ್ಲದಿದ್ದರೆ ತಂಟೆ ಮಾಡುತ್ತೇವೆ) ಎನ್ನಬೇಕು, ಧನ್ಯವಾದ ಹೇಳಬೇಕು.

ನೀವು ಕೊಡುವುದು ಅಂಗಡಿಯ ಮುಚ್ಚಿದ ಪೊಟ್ಟಣವೇ ಆಗಿರಲಿ. ಪ್ರೀತಿಯಿಂದ ಮಾಡಿದ ಕೋಡುಬಳೆಯನ್ನು ಅಪರಿಚಿತ ತಾಯಂದಿರು ಮಕ್ಕಳಿಗೆ ತಿನ್ನಲು ಬಿಡುವುದಿಲ್ಲ. ಅದರಲ್ಲಿ ನಿಮಗೆ ಅವಮಾನವೇನೂ ಇಲ್ಲ. ಕಡಲೆಕಾಯಿ ಒಗ್ಗದ ಮಕ್ಕಳಿಗಾಗಿ ಪೆನ್ಸಿಲ್, ಸ್ಟಿಕ್ಕರ್ ಇಟ್ಟವರು ಬಾಗಿಲಲ್ಲಿ ನೀಲಿಹಸಿರು ಬಣ್ಣದ ಕುಂಬಳ ಇಡುತ್ತಾರೆ. ಸಸ್ಯಾಹಾರಿಗಳು ಮಕ್ಕಳ ಚೀಲ ನೋಡಿಕೊಳ್ಳಿ: ಗಮ್ಮಿ, ಮಾರ್ಷ್‌ಮ್ಯಾಲೋಗಳಲ್ಲಿ ಹೆಚ್ಚಾಗಿ ಪ್ರಾಣಿಗಳಿಂದ ತೆಗೆದ ಜೆಲಾಟಿನ್ ಇರುತ್ತದೆ.

ದೊಡ್ಡವರೂ ವೇಷ ಹಾಕುತ್ತಾರೆ. ಕಚೇರಿಯಲ್ಲಿ ಮೊದಲ ವರ್ಷ ಒಂದು ಟೋಪಿ ಸಾಕು. ಆದರೆ ಚರ್ಮಕ್ಕೆ ಕಪ್ಪು ಬಳಿದು ಇನ್ನೊಂದು ಜನಾಂಗದವರಂತೆ ಕಾಣಿಸಿಕೊಳ್ಳಬೇಡಿ, ಮೂಲನಿವಾಸಿಗಳ ಗರಿಗಳ ಕಿರೀಟವನ್ನೂ ಧರಿಸಬೇಡಿ. ಇಲ್ಲಿ ಅದು ನಿಜವಾದ ಗಾಯ. ಬಯಲಾಟದಂತಹ ಸಡಗರ ಬೇಕಿದ್ದರೆ ನ್ಯೂಯಾರ್ಕಿನ ಗ್ರೀನಿಚ್ ವಿಲೇಜ್ ಮೆರವಣಿಗೆಗೆ ಹೋಗಿ. ವೇಷ ತೊಟ್ಟ ಯಾರೇ ಆದರೂ ಅದರಲ್ಲಿ ನಡೆಯಬಹುದು.

ಮರುದಿನವೇ ಕನ್ನಡ ರಾಜ್ಯೋತ್ಸವ. ಓಬವ್ವನ ಸೀರೆಯ ಕಲೆಗಳನ್ನು ರಾತ್ರಿಯೇ ತೊಳೆದು ಹರವಿದೆ. ಕನ್ನಡ ಕೂಟದ ವೇದಿಕೆಯ ಮೇಲೆ ಮಗಳು ಅದನ್ನೇ ಮತ್ತೆ ಉಟ್ಟಳು, ಒನಕೆಯ ಸಮೇತ.