ಉಪ್ಪುಗಾಳಿ ಊರಿನಲ್ಲಿ ತೆಳು ಲ್ಯಾಪ್‌ಟಾಪ್‌ಗೆ ಮದರ್‌ಬೋರ್ಡ್ ಬದಲಿಸುವುದು

ಮಳೆಗಾಲ ಅರ್ಧ ಕಳೆಯುವ ಹೊತ್ತಿಗೆ ಕಾರವಾರದ ನನ್ನ ಮೇಜಿಗೆ ಬರುವ ತೆಳು ಲ್ಯಾಪ್‌ಟಾಪ್‌ಗಳದ್ದು ಹೆಚ್ಚುಕಮ್ಮಿ ಒಂದೇ ದೂರು: ಚಾರ್ಜರ್ ಹಾಕಿದರೂ ದೀಪ ಹತ್ತುವುದಿಲ್ಲ, ಬಟನ್ ಒತ್ತಿದರೂ ಉಸಿರಿಲ್ಲ. ಬಿಚ್ಚಿದರೆ ತಾಮ್ರದ ಮೇಲೆ ಹಸಿರು ಕಿಲುಬು. ಬೋರ್ಡ್ ಬದಲಿಸುವುದೆಂದರೆ ನಾಲ್ಕು ಕೇಬಲ್ ಕಿತ್ತು ಮತ್ತೆ ಸಿಕ್ಕಿಸುವುದು ಎಂದುಕೊಂಡರೆ ಹೊಸ ಬೋರ್ಡೂ ಹೋಗುತ್ತದೆ. ಹಳೆಯದನ್ನು ತಿಂದ ಉಪ್ಪು ಆ ಕವಚದೊಳಗಿನ ಕೇಬಲ್, ಜ್ಯಾಕ್, ಪಕ್ಕದ ಪೋರ್ಟ್‌ಗಳಿರುವ ಚಿಕ್ಕ ಬೋರ್ಡ್‌ಗಳಲ್ಲಿ ಇನ್ನೂ ಕೂತಿರುತ್ತದೆ.

ಗಾಳಿಯ ತೇವಾಂಶ ಶೇಕಡಾ 75 ದಾಟಿದರೆ ಉಪ್ಪು ತಾನಾಗಿಯೇ ನೀರು ಹೀರಿ ಕರಗುತ್ತದೆ. ಆಷಾಢದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ಒದ್ದೆಯಾಗುವುದೂ ಇದರಿಂದಲೇ. ಫ್ಯಾನ್ ಒಳಗೆಳೆದ ಕಡಲಗಾಳಿಯ ಉಪ್ಪು ಬೋರ್ಡಿನ ಮೇಲೆ ಹೀಗೆ ಕರಗಿದಾಗ ಅದರಲ್ಲಿ ಕರೆಂಟ್ ಹರಿಯುತ್ತದೆ. ಲ್ಯಾಪ್‌ಟಾಪ್ ಆಫ್ ಇದ್ದರೂ ಬ್ಯಾಟರಿಯ ಲೈನ್ ಜೀವಂತ. ಹಾಗಾಗಿ ಬ್ಯಾಟರಿ ಕನೆಕ್ಟರ್ ಮತ್ತು ಚಾರ್ಜಿಂಗ್ ಭಾಗದ ಸುತ್ತಲೇ ಕಿಲುಬು ಮೊದಲು ಕಾಣುವುದು. ಶಿರಸಿ ಕಡೆಯಿಂದ ಬರುವ ಯಂತ್ರಗಳಲ್ಲಿ ಉಪ್ಪಿಗಿಂತ ತಂಡಿ, ಬೂಷ್ಟಿನ ಕಾಟ ಜಾಸ್ತಿ. ಅವನ್ನು ತೊಳೆದು ಉಳಿಸಿಕೊಳ್ಳುವ ಸಾಧ್ಯತೆಯೂ ಜಾಸ್ತಿ.

ಬೋರ್ಡ್ ನಿಜವಾಗಿ ಹೋಗಿದೆಯೇ ಎಂದು ತಿಳಿಯಲು ಮೊದಲು, ಚಾರ್ಜರ್ ಮತ್ತು ಲ್ಯಾಪ್‌ಟಾಪ್ ನಡುವೆ ಸಿಕ್ಕಿಸಿ ವೋಲ್ಟ್, ಕರೆಂಟ್ ತೋರಿಸುವ ಟೈಪ್-ಸಿ ಮೀಟರ್ ಹಾಕಿ ನೋಡುತ್ತೇನೆ. ಚಾರ್ಜರ್ 5 ವೋಲ್ಟ್‌ನಿಂದ ಶುರುವಾಗಿ ಬೋರ್ಡಿನ ಜೊತೆ ಮಾತುಕತೆ ಮುಗಿಸಿ 20ಕ್ಕೆ ಏರಬೇಕು. 5ರಲ್ಲೇ ನಿಂತರೆ ಪೋರ್ಟ್ ಅಥವಾ ಅದರ ಹಿಂದಿನ ಚಿಪ್ ಕಡೆ ಅನುಮಾನ. ಆಮೇಲೆ ಬ್ಯಾಟರಿ ಕಳಚಿ, ಇನ್‌ಪುಟ್ ಕೆಪಾಸಿಟರ್‌ಗಳ ಮೇಲೆ ಮಲ್ಟಿಮೀಟರ್. ಮುಖ್ಯ ಲೈನ್ ಮತ್ತು ಗ್ರೌಂಡ್ ನಡುವೆ ಒಂದೆರಡು ಓಮ್ ಮಾತ್ರ ತೋರಿಸಿದರೆ ಶಾರ್ಟ್. ಪ್ರೊಸೆಸರ್‌ನ ಕೋರ್ ಲೈನ್ ಮಾತ್ರ ಇದಕ್ಕೆ ಹೊರತು: ಅಲ್ಲಿ ಸರಿಯಿದ್ದ ಬೋರ್ಡಿನಲ್ಲೂ ಓಮ್ ಬಹಳ ಕಡಿಮೆ ಇರುತ್ತದೆ. ಹೊಸಬರು ಅದನ್ನು ಶಾರ್ಟ್ ಎಂದುಕೊಂಡು ಒಳ್ಳೇ ಬೋರ್ಡ್ ಬಿಸಾಡುತ್ತಾರೆ. ಪಕ್ಕದ ಚಿಕ್ಕ ಬೋರ್ಡಿನ ಕೇಬಲ್ ಕಿತ್ತ ಕೂಡಲೇ ಶಾರ್ಟ್ ಹೋದರೆ ತಪ್ಪು ಆ ಚಿಕ್ಕ ಬೋರ್ಡಿನದ್ದು, ಮದರ್‌ಬೋರ್ಡ್ ತರಿಸುವ ಅಗತ್ಯವೇ ಇಲ್ಲ.

ತರಿಸಲೇಬೇಕಾದರೆ ಲ್ಯಾಪ್‌ಟಾಪ್ ಮಾಡೆಲ್ ಹೆಸರು ಹೇಳಿ ತರಿಸಬೇಡಿ. ಬೋರ್ಡಿನ ಮೇಲೇ ಮುದ್ರಿಸಿದ ನಂಬರ್ ಬೇಕು: ಎಲ್‌ಎ, ಎನ್‌ಎಂ, ಡಿಎ0 ಇಂಥ ಅಕ್ಷರಗಳಿಂದ ಶುರುವಾಗುವಂಥದ್ದು. ಅದರ ಜೊತೆಗೆ ಪ್ರೊಸೆಸರ್ ಯಾವುದು, ಬೆಸುಗೆ ಹಾಕಿದ ರ‍್ಯಾಮ್ ಎಷ್ಟು, ಬೇರೆ ಗ್ರಾಫಿಕ್ಸ್ ಚಿಪ್ ಇದೆಯೇ ಎಂದು ನೋಡಬೇಕು. ಗ್ರಾಫಿಕ್ಸ್ ಚಿಪ್ ಇದ್ದರೆ ಹೀಟ್ ಸಿಂಕ್ (ಚಿಪ್‌ಗಳ ಶಾಖ ಹೀರುವ ಲೋಹದ ಭಾಗ) ಆಕಾರವೇ ಬೇರೆ, ಹಳೆಯದು ಕೂರುವುದಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬರುವ ಹಳೇ ಬೋರ್ಡಾದರೆ ಎರಡೂ ಬದಿಯ ಫೋಟೊ ಮತ್ತು ಬಯೋಸ್ (ವಿಂಡೋಸ್‌ಗೂ ಮುಂಚೆ ತೆರೆಯುವ ಬೋರ್ಡಿನ ಸೆಟ್ಟಿಂಗ್) ಪರದೆ ತೆರೆಯುವ ವಿಡಿಯೊ ಕೇಳಿ. ಪಾಸ್‌ವರ್ಡ್ ಬಿದ್ದ ಬೋರ್ಡ್, ಯಾವುದೋ ಕಂಪನಿಯ ನಿಯಂತ್ರಣದಲ್ಲಿ ಉಳಿದ ಬೋರ್ಡ್ ಕೈಗೆ ಬಂದ ಮೇಲೆ ಬಿಡಿಸುವುದು ಬಹಳ ಕಷ್ಟ. ಎಸಿ ಬಸ್ಸಿನಲ್ಲಿ ಬಂದ ಪಾರ್ಸೆಲ್ ತಕ್ಷಣ ಒಡೆಯಬೇಡಿ. ತಂಪಾದ ಬೋರ್ಡ್ ನಮ್ಮ ಊರಿನ ಗಾಳಿಗೆ ತಗುಲಿದರೆ ಬೆವರುತ್ತದೆ. ಚೀಲ ಮುಚ್ಚಿದಂತೆಯೇ ಎರಡು ಗಂಟೆ ಕೋಣೆಯಲ್ಲಿಟ್ಟು ಆಮೇಲೆ ತೆಗೆಯುತ್ತೇನೆ.

ಬಿಚ್ಚುವ ಮುಂಚೆ ಮಾಲೀಕರಿಂದ, ಡಿಸ್ಕ್‌ನ ಡೇಟಾಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯವಾದ ಬಿಟ್‌ಲಾಕರ್‌ನ 48 ಅಂಕಿಯ ರಿಕವರಿ ಕೀ ತರಿಸಿಕೊಳ್ಳುತ್ತೇನೆ. ಬೀಗ ತಾನಾಗಿ ತೆಗೆಯುವ ಕೀ ಹಳೇ ಬೋರ್ಡಿನ ಟಿಪಿಎಂ ಎಂಬ ಭದ್ರತಾ ಚಿಪ್‌ನಲ್ಲಿದೆ, ಹೊಸ ಬೋರ್ಡ್ ಕಂಡ ಕೂಡಲೇ ವಿಂಡೋಸ್ ಈ ಅಂಕಿ ಕೇಳುತ್ತದೆ. ನಾನು ಬಿಟ್‌ಲಾಕರ್ ಹಾಕೇ ಇಲ್ಲ ಎನ್ನುವವರ ಯಂತ್ರದಲ್ಲೂ ಅದು ಇರಬಹುದು, ಮೈಕ್ರೋಸಾಫ್ಟ್ ಖಾತೆಯಲ್ಲಿ ಲಾಗಿನ್ ಆದಾಗ ತಾನೇ ಆನ್ ಆಗಿರಬಹುದು. ಕೀ ಸಾಮಾನ್ಯವಾಗಿ ಆ ಖಾತೆಯಲ್ಲೇ ಸಿಗುತ್ತದೆ. ಎಸ್‌ಎಸ್‌ಡಿ ಬೋರ್ಡಿಗೇ ಬೆಸುಗೆ ಹಾಕಿದ ಮಾಡೆಲ್ ಆದರೆ ಡೇಟಾ ಹಳೇ ಬೋರ್ಡಿನ ಜೊತೆಗೇ ಹೋಗುತ್ತದೆ, ಇದನ್ನು ಕೆಲಸಕ್ಕೆ ಮುಂಚೆಯೇ ಹೇಳಿಬಿಡಬೇಕು.

ತಳದ ಮುಚ್ಚಳಕ್ಕೆ ಎಂಟು-ಹತ್ತು ಸ್ಕ್ರೂ, ಒಂದೆರಡು ರಬ್ಬರ್ ಕಾಲಿನ ಅಡಿ ಅಡಗಿರಬಹುದು. ರಟ್ಟಿನ ಮೇಲೆ ಲ್ಯಾಪ್‌ಟಾಪ್‌ನ ಆಕಾರ ಬರೆದು, ಬಿಚ್ಚಿದ ಸ್ಕ್ರೂವನ್ನು ಅದೇ ಜಾಗದಲ್ಲಿ ಚುಚ್ಚಿಡುತ್ತೇನೆ. ಹಿಂಜ್ ಕಡೆಯ ಉದ್ದ ಸ್ಕ್ರೂ ಮುಂದಿನ ಗಿಡ್ಡ ತೂತಿಗೆ ಹೋದರೆ ಮೇಲ್ಮೈಯಲ್ಲಿ ಉಬ್ಬು ಏಳುತ್ತದೆ ಅಥವಾ ಬೋರ್ಡ್ ಸೀಳುತ್ತದೆ. ತುಕ್ಕು ಹಿಡಿದ ಸ್ಕ್ರೂಗೆ ಮೊದಲು ಒಂದು ಹನಿ ಐಸೊಪ್ರೊಪೈಲ್ ಆಲ್ಕೊಹಾಲ್ ಬಿಟ್ಟು ಐದು ನಿಮಿಷ ಕಾಯಿರಿ. ಮುಚ್ಚಳ ತೆಗೆದ ಕೂಡಲೇ ಬ್ಯಾಟರಿ ಕನೆಕ್ಟರ್ ಕಳಚಿ ಪವರ್ ಬಟನ್ 20 ಸೆಕೆಂಡ್ ಒತ್ತಿ ಹಿಡಿಯುತ್ತೇನೆ. ಬ್ಯಾಟರಿ ಉಬ್ಬಿದ್ದರೆ ಹೊಸ ಬ್ಯಾಟರಿಯ ಮಾತು ಮುಗಿಯುವ ತನಕ ಕೆಲಸ ಮುಂದುವರಿಸುವುದಿಲ್ಲ.

ಪಟ್ಟಿ ಕೇಬಲ್‌ಗಳನ್ನು ನಿಧಾನವಾಗಿ ನೋಡಿ. ಕನೆಕ್ಟರ್‌ನ ಕಪ್ಪು ರೆಪ್ಪೆಯನ್ನು ಉಗುರಿನಿಂದ ಎರಡೂ ತುದಿಯಲ್ಲಿ ಸಮನಾಗಿ ಎತ್ತಬೇಕು, ಒಂದೇ ತುದಿಯಿಂದ ಎತ್ತಿದರೆ ಮುರಿಯುತ್ತದೆ. ರೆಪ್ಪೆಯೇ ಇಲ್ಲದ ಕನೆಕ್ಟರ್‌ನಲ್ಲಿ ಕೇಬಲ್‌ನ ನೀಲಿ ಕಿವಿ ಹಿಡಿದು ನೇರ ಎಳೆಯಬೇಕು. ಹೊರಬಂದ ತುದಿಯನ್ನು ಭೂತಗನ್ನಡಿಯಲ್ಲಿ ಪರೀಕ್ಷಿಸಿ. ಸರಿಯಿದ್ದರೆ ಗೆರೆಗಳು ಬೆಳ್ಳಗೆ ಅಥವಾ ಬಂಗಾರದ ಬಣ್ಣದಲ್ಲಿ ಹೊಳೆಯುತ್ತವೆ. ಉಪ್ಪು ತಿಂದದ್ದಾದರೆ ಒಂದೆರಡು ಗೆರೆ ಕಪ್ಪಾಗಿ, ನಡುವೆ ಸಾಸಿವೆಗಿಂತ ಚಿಕ್ಕ ಹಸಿರು ಚುಕ್ಕೆ. ಅಂಥ ಕೇಬಲ್ಲನ್ನು ಉಜ್ಜಿ ಮತ್ತೆ ಹಾಕುವುದಿಲ್ಲ, ಬದಲಿಸುತ್ತೇನೆ. ಕೊಳ್ಳುವಾಗ ಪಿನ್ ಎಷ್ಟು, ಗೆರೆಗಳ ಅಂತರ 0.5 ಮಿ.ಮೀ. ಹೌದೇ, ಉದ್ದ ಎಷ್ಟು ಎಂಬುದರ ಜೊತೆಗೆ ಎರಡು ತುದಿಯ ಲೋಹ ಒಂದೇ ಬದಿಗಿದೆಯೋ ವಿರುದ್ಧ ಬದಿಗಿದೆಯೋ ನೋಡಿ. ಇದೊಂದು ತಪ್ಪಿದರೆ ಪಿನ್‌ಗಳ ಕ್ರಮವೇ ತಿರುಗಿ, 5 ವೋಲ್ಟ್ ಹೋಗಬಾರದ ಕಡೆ ಹೋಗಿ ಹೊಸ ಬೋರ್ಡ್ ಸುಡುತ್ತದೆ.

ಪರದೆಯ ಕೇಬಲ್‌ನದ್ದು ಇದಕ್ಕಿಂತ ಸೂಕ್ಷ್ಮ. ಬ್ಯಾಕ್‌ಲೈಟ್‌ನ ಹೆಚ್ಚಿನ ವೋಲ್ಟೇಜೂ ಅದೇ ಕನೆಕ್ಟರ್‌ನಲ್ಲಿ ಬರುತ್ತದೆ. ಬ್ಯಾಟರಿ ಹಾಕಿದ್ದಾಗ ಅದನ್ನು ಓರೆಯಾಗಿ ತಳ್ಳಿದರೆ ಬ್ಯಾಕ್‌ಲೈಟ್ ಫ್ಯೂಸ್ ಹೋಗಬಹುದು. ಪರದೆ ಕಪ್ಪಾಗಿದ್ದು, ಟಾರ್ಚ್ ಹಿಡಿದರೆ ಮಸುಕಾಗಿ ಚಿತ್ರ ಕಂಡರೆ ಇದೇ ಆಗಿರುವ ಸಾಧ್ಯತೆ ಹೆಚ್ಚು. ಮಳೆಗಾಲದಲ್ಲಿ ಆ ಕೇಬಲ್ ತುದಿಯೂ ಕಿಲುಬು ಹಿಡಿದಿದ್ದರೆ ಹೊಸದಕ್ಕೆ ಹೋಗಿ.

ಹೀಟ್ ಸಿಂಕ್ ಸ್ಕ್ರೂಗಳ ಪಕ್ಕ 1, 2, 3, 4 ಎಂದು ಬರೆದಿರುತ್ತದೆ. ಬಿಗಿಯುವಾಗ ಆ ಕ್ರಮ, ಬಿಚ್ಚುವಾಗ ಉಲ್ಟಾ, ಪ್ರತಿ ಸಲ ಒಂದೊಂದೇ ಸುತ್ತು. ಲ್ಯಾಪ್‌ಟಾಪ್ ಪ್ರೊಸೆಸರ್‌ಗೆ ಮೇಲೆ ಲೋಹದ ಮುಚ್ಚಳವಿಲ್ಲ, ಬರಿಯ ಸಿಲಿಕಾನ್. ಒಂದೇ ಮೂಲೆ ಬಿಗಿದರೆ ಅಂಚು ಚಕ್ಕೆ ಏಳುತ್ತದೆ. ಪ್ರೊಸೆಸರ್ ಮತ್ತು ಹೀಟ್ ಸಿಂಕ್ ನಡುವಿನ ಹಳೇ ಥರ್ಮಲ್ ಪೇಸ್ಟನ್ನು ಶೇಕಡಾ 99ರ ಐಸೊಪ್ರೊಪೈಲ್‌ನಿಂದ ಒರೆಸಿ, ಸಿಲಿಕಾನ್ ಮುಚ್ಚುವಷ್ಟು ತೆಳುವಾಗಿ ಹೊಸದನ್ನು ಹಚ್ಚಿ. ಬಾಟಲಿಯ ಮುಚ್ಚಳ ತೆರೆದಿಟ್ಟರೆ ಆಲ್ಕೊಹಾಲ್ ಗಾಳಿಯ ನೀರನ್ನು ಕುಡಿಯುತ್ತದೆ, ಆಮೇಲೆ ಅದು 99 ಆಗಿ ಉಳಿಯುವುದಿಲ್ಲ. ಥರ್ಮಲ್ ಪ್ಯಾಡ್ ಬದಲಿಸುವುದಾದರೆ ಹಳೆಯದರ ದಪ್ಪವನ್ನೇ ಅನುಸರಿಸಿ: ಅರ್ಧ ಮಿಲಿಮೀಟರ್ ಇದ್ದಲ್ಲಿ ಒಂದು ಮಿ.ಮೀ. ಹಾಕಿದರೆ ಹೀಟ್ ಸಿಂಕ್ ಎತ್ತಿ ನಿಂತು ಪ್ರೊಸೆಸರ್‌ಗೆ ತಾಗುವುದೇ ಇಲ್ಲ. ಹಳೇ ಬೋರ್ಡಿನ ಕೆಳಗಿನ ತೆಳು ಪ್ಲಾಸ್ಟಿಕ್ ಹಾಳೆಯನ್ನು ಹೊಸದಕ್ಕೆ ಸಾಗಿಸಲು ಮರೆಯಬೇಡಿ. ಅದಿಲ್ಲದಿದ್ದರೆ ಬೋರ್ಡಿನ ಬೆನ್ನು ಲೋಹದ ತಳಕ್ಕೆ ತಾಗಿ ಶಾರ್ಟ್.

ಹೊಸ ಬೋರ್ಡನ್ನು ಕವಚದೊಳಗೆ ಪೂರ್ತಿ ಕೂರಿಸುವ ಮುಂಚೆ ಒಣ ಮರದ ಹಲಗೆಯ ಮೇಲೆ ಇಟ್ಟು ಪರೀಕ್ಷಿಸುತ್ತೇನೆ. ಬೋರ್ಡ್, (ಬೆಸುಗೆಯದ್ದಲ್ಲದಿದ್ದರೆ) ರ‍್ಯಾಮ್, ಹೀಟ್ ಸಿಂಕ್, ಫ್ಯಾನ್, ಟೈಪ್-ಸಿ ಚಾರ್ಜರ್, ಹೊರಗಿನ ಎಚ್‌ಡಿಎಂಐ ಮಾನಿಟರ್ ಇಷ್ಟೇ ಇರಲಿ. ಪವರ್ ಬಟನ್ ಕೀಬೋರ್ಡಿನಲ್ಲಿದ್ದರೆ ಆ ಕೇಬಲ್ ಒಂದನ್ನು ಹಾಕಬೇಕಾಗುತ್ತದೆ. ಮೀಟರ್ 20 ವೋಲ್ಟ್ ತೋರಿಸಿ ಕರೆಂಟ್ ಏರಿಳಿದರೆ ಬೋರ್ಡ್ ಯೋಚಿಸುತ್ತಿದೆ ಎಂದು ತಿಳಿಯಿರಿ. ಮೊದಲ ಸಲ ರ‍್ಯಾಮನ್ನು ಅಳೆದು ಹೊಂದಿಸಿಕೊಳ್ಳಲು ಒಂದೆರಡು ನಿಮಿಷ ಪರದೆ ಕಪ್ಪಾಗಿಯೇ ಇರಬಹುದು, ತಾನೇ ಆಫ್ ಆಗಿ ಮತ್ತೆ ಆನ್ ಆಗಬಹುದು. ಆಗ ಗಾಬರಿಯಾಗಿ ಕರೆಂಟ್ ಕೀಳಬೇಡಿ. ಬಯೋಸ್ ಕಂಡ ಮೇಲೆ ಕರೆಂಟ್ ತೆಗೆದು, ಒಂದು ಕೇಬಲ್ ಹಾಕಿ, ಮತ್ತೆ ಆನ್. ಹೀಗೆ ಒಂದೊಂದೇ ಭಾಗ ಸೇರಿಸಿದರೆ ಯಾವುದು ಕೆಟ್ಟಿದೆಯೋ ಅದು ಅಲ್ಲೇ ಸಿಗುತ್ತದೆ. ಇದಕ್ಕೆ ಅರ್ಧ ಗಂಟೆ ಹೆಚ್ಚು ಹಿಡಿಯುತ್ತದೆ, ಆದರೆ ಚಾರ್ಜಿಂಗ್ ಜ್ಯಾಕ್ ಅಥವಾ ಚಿಕ್ಕ ಬೋರ್ಡಿನ ಶಾರ್ಟ್ ಹೊಸ ಬೋರ್ಡನ್ನು ಕೊಲ್ಲುವುದನ್ನು ತಪ್ಪಿಸಲು ಇದಕ್ಕಿಂತ ಒಳ್ಳೇ ದಾರಿ ನನಗೆ ಕಂಡಿಲ್ಲ. ವೈಫೈಯ ಕರಿ, ಬಿಳಿ ತಂತಿಗಳನ್ನು ಮೊದಲಿದ್ದ ಜಾಗಕ್ಕೇ, ಲಂಬವಾಗಿ ಒತ್ತಿ ಕೂರಿಸಿ.

ಬಯೋಸ್‌ನಲ್ಲಿ ತಾರೀಖು ಸರಿಪಡಿಸಿ. ಹಳೆಯದರಲ್ಲಿ ವಿಎಂಡಿ (ಎಸ್‌ಎಸ್‌ಡಿಯನ್ನು ನಿಭಾಯಿಸುವ ಇಂಟೆಲ್ ಸೆಟ್ಟಿಂಗ್) ಆನ್ ಇದ್ದರೆ ಹೊಸದರಲ್ಲೂ ಆನ್ ಇರಲಿ, ಇಲ್ಲದಿದ್ದರೆ ವಿಂಡೋಸ್ ನೀಲಿ ಪರದೆಯಲ್ಲಿ ನಿಲ್ಲುತ್ತದೆ. ಜನ ಎಸ್‌ಎಸ್‌ಡಿ ಹೋಯಿತೆಂದು ಫಾರ್ಮ್ಯಾಟ್ ಮಾಡಿಬಿಡುವುದು ಇಲ್ಲೇ. ಲ್ಯಾಪ್‌ಟಾಪ್ ಜೊತೆಗೇ ಬಂದ ವಿಂಡೋಸ್ ಲೈಸೆನ್ಸ್ ಬೋರ್ಡಿಗೆ ಅಂಟಿದ್ದು: ಹಳೆಯದರಲ್ಲಿ ಪ್ರೊ ಇದ್ದು ಹೊಸ ಬೋರ್ಡಿನ ಕೀ ಹೋಮ್ ಆಗಿದ್ದರೆ ತಾನೇ ಆಕ್ಟಿವೇಟ್ ಆಗುವುದಿಲ್ಲ.

ಮುಚ್ಚಳ ಹಾಕಿದ ಮೇಲೆ ಒಂದು ರಾತ್ರಿ ಚಾರ್ಜರ್‌ನಲ್ಲಿ ಓಡಲು ಬಿಡುತ್ತೇನೆ. ಬೆಳಿಗ್ಗೆ ಬ್ಯಾಟರಿ ತುಂಬಿದೆಯೇ, ಎಲ್ಲ ಪೋರ್ಟ್, ಕ್ಯಾಮೆರಾ, ಸ್ಪೀಕರ್, ಮುಚ್ಚಿದಾಗ ನಿದ್ದೆಗೆ ಹೋಗುವುದು ಸರಿಯಿದೆಯೇ ಎಂದು ನೋಡುತ್ತೇನೆ. ಹಳೇ ಬೋರ್ಡನ್ನು ಆಂಟಿ-ಸ್ಟ್ಯಾಟಿಕ್ ಚೀಲದಲ್ಲಿ ಹಾಕಿ ಮಾಲೀಕರ ಕೈಗೇ ಕೊಡುತ್ತೇನೆ. ಟಿಪಿಎಂ ಅದರಲ್ಲಿದೆ, ಬೆಸುಗೆಯ ಎಸ್‌ಎಸ್‌ಡಿ ಇದ್ದರೆ ಅವರ ಫೋಟೊ, ಕಾಗದಪತ್ರಗಳೂ ಅದರಲ್ಲೇ ಇವೆ.